ಬಲಗೈಗೊಂದು ಕೆಲಸ

ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಕೂತವಳಿಗೆ ಓಣಿಯವರು ಇಟ್ಟ ಹೆಸರು ಹಲ್ಲಕ್ಕ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ ಅವಳೇ ಫೋನೆತ್ತಿ "ಹಲ್ಲಕ್ಕ ಮಾತಾಡ್ತಿರೋದು" ಅನ್ನುವಷ್ಟು ರೂಢಿಯಾಯಿತು. ಯಾರನ್ನು ಕಂಡರೂ ಅವಳ ಕಣ್ಣು ಮೊದಲು ಹೋಗುವುದು ಬಾಯಿಗೆ. ತಮ್ಮ ಮಗನನ್ನು ಅವಳು ಮದುವೆಗೆ ಒಪ್ಪಿದ್ದೇ ಅವನ ಕೆಳದವಡೆ ನೋಡಿ ಎಂದು ಅತ್ತೆ ಇಂದಿಗೂ ಹೇಳಿ ನಗುತ್ತಾರೆ.

ಗೇಮ್ ಡಬ್ಬಿಯ ಹುಚ್ಚು ಹತ್ತಿದ್ದು ಮಗಳಿಂದ. ಮಗಳು ಚಿಕ್ಕವಳಿದ್ದಾಗ ಕೈಯಲ್ಲಿ ಹಿಡಿದು ಆಡುತ್ತಿದ್ದ ಬೂದು ಬಣ್ಣದ ಯಂತ್ರ, ಬ್ಯಾಟರಿ ಸೋರಿ ಕೆಟ್ಟು, ಡ್ರಾಯರಿನ ಮೂಲೆ ಹಿಡಿದಿತ್ತು. ಮಗಳು ಓದಲು ಹಾಸ್ಟೆಲಿಗೆ ಹೋದ ಮೇಲೆ ಒಂದು ರಜೆಯ ದಿನ ಹಲ್ಲಕ್ಕ ಅದನ್ನು ಬಿಚ್ಚಿ, ಮೇಣದ ಹಲ್ಲು ಕೆತ್ತುವ ಮೊನೆಯಿಂದಲೇ ಹಸಿರು ಕಿಲುಬನ್ನು ಕೆರೆದು ತೆಗೆದಳು. ಯಂತ್ರ ಟಿಂಗ್ ಎಂದು ಎದ್ದು ಕೂತಿತು. ವಿಷಯ ಕೇಳಿ ಒಂದು ಹಲ್ಲಿನ ಕ್ಲಿನಿಕ್ಕಿನ ಸಹಾಯಕಿ ಅಂಥದ್ದೇ ಇನ್ನೊಂದನ್ನು ಹಿಡಿದು ಬಂದಳು. ಅವಳು ಅದರಲ್ಲಿ ಆಡುತ್ತಿರಲಿಲ್ಲ, ಸಂಗೀತ ಕಟ್ಟುತ್ತಿದ್ದಳು. ಆಟದ ಕಾರ್ಟ್ರಿಜ್ ಇರುವ ಜಾಗದಲ್ಲಿ ಸ್ವರ ಬರೆಯುವ ಕಾರ್ಟ್ರಿಜ್ ಸಿಕ್ಕಿಸಿದರೆ ಪರದೆಯ ಮೇಲೆ ಅಂಕಿಗಳ ಸಾಲು ಬರುತ್ತದೆ. ಗುಂಡಿ ಒತ್ತುತ್ತಾ ಒಂದೊಂದೇ ಸ್ವರ ತುಂಬಿದರೆ ಒಳಗಿನ ಚಿಪ್ ಹಾಡುತ್ತದೆ. ಅದಕ್ಕಿರುವುದು ನಾಲ್ಕೇ ಕಂಠ, ಒಟ್ಟಿಗೆ ನುಡಿಯಬಲ್ಲದ್ದು ನಾಲ್ಕೇ ಸದ್ದು.

"ನಾಲ್ಕರಲ್ಲಿ ಏನಾಗತ್ತೆ ಅನ್ಕೋಬೇಡಿ ಅಕ್ಕ," ಎಂದಳು ಸಹಾಯಕಿ.

"ನಮ್ಮನೇಲೂ ಇರೋದು ನಾಲ್ಕೇ ಕಂಠ. ಜಗಳಕ್ಕೆ ಯಾವತ್ತೂ ಕಮ್ಮಿ ಬಿದ್ದಿಲ್ಲ," ಎಂದಳು ಹಲ್ಲಕ್ಕ.

ಯಂತ್ರದೊಳಗಿನ ಪುಟ್ಟ ಆಂಪ್ಲಿಫೈಯರ್ ಗೊರಗೊರ ಅನ್ನುತ್ತದೆ, ಅದನ್ನು ತಪ್ಪಿಸಿಕೊಡಿ ಎಂಬುದು ಆ ಹುಡುಗಿಯ ಕೋರಿಕೆ. ಸದ್ದು ಅಲ್ಲಿಗೆ ಮುಟ್ಟುವ ಮೊದಲೇ, ವಾಲ್ಯೂಮ್ ಗಾಲಿಯ ಕಾಲುಗಳಿಂದ ಕೂದಲೆಳೆಯಂಥ ತಂತಿ ಎಳೆದು, ಸ್ಪೀಕರಿನ ವೈರು ಸಿಕ್ಕಿಸುವ ಹೊಸ ಜಾಕಿಗೆ ಬೆಸೆಯಬೇಕು. ಮೊದಲ ಸಲ ಬೆಸುಗೆಯ ಕಾವು ಹೆಚ್ಚಾಗಿ ಬೋರ್ಡಿನ ತಾಮ್ರದ ಗೆರೆಯೇ ಸುಟ್ಟು ಎದ್ದುಬಂತು. ಎರಡನೆಯ ಸಲ ಸರಿಹೋಯಿತು. ಅಲ್ಲಿಂದ ಆರು ವರ್ಷ, ರಜೆ ಬಂತೆಂದರೆ ಊಟದ ಮೇಜಿನ ಅರ್ಧ ಅವಳ ಪಾಲು.

ಅವಳು, ಗಂಡ, ಅತ್ತೆ ಬಿಟ್ಟರೆ ಆ ಮನೆಯ ನಾಲ್ಕನೆಯ ಕಂಠ ಗಂಡನ ಅಣ್ಣನದು. ಅವಳಿಗೆ ಭಾವ. ಮದುವೆಯಾಗದೆ ಹಿಂದಿನ ಕೋಣೆಯಲ್ಲಿ ಇದ್ದವರು. ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುವುದು ಅವರ ಕೆಲಸ, ಭಾನುವಾರ ಕಾರ್ಮಿಕರ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವುದು ಅವರ ಸುಖ. ಒಂದು ಬೆಳಿಗ್ಗೆ, ಒಮ್ಮೆ ಇಳಿದು ನಿಲ್ಲಬೇಕಾದ ಬ್ಲೇಡು ಎರಡನೆಯ ಸಲವೂ ಇಳಿಯಿತು. ಬಲಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು.

ಗಾಯ ಮಾಯಿತು. ಮುದ್ರಣಾಲಯದವರು ಪರಿಹಾರ ಕೊಟ್ಟು, ಶಾಲು ಹೊದಿಸಿ ಮನೆಗೆ ಕಳಿಸಿದರು. ಭಾವ ಕ್ಲಾರಿನೆಟ್ಟನ್ನು ಯಾರಿಗೂ ಹೇಳದೆ ಬ್ಯಾಂಡಿಗೇ ಕೊಟ್ಟುಬಂದರು. ಮೊದಲೇ ಮಿತಭಾಷಿ, ಈಗ ಮಾತೆಂದರೆ ಹೂಂ, ಉಹೂಂ ಅಷ್ಟೇ. ಹೆತ್ತ ಕರುಳು ಕೇಳಬೇಕಲ್ಲ, ಅತ್ತೆ ದಿನಕ್ಕೆರಡು ಸಲವಾದರೂ ಆ ಕೋಣೆಯ ಬಾಗಿಲಲ್ಲಿ ನಿಂತು ಏನಾದರೂ ಕೇಳಿ ಬರುತ್ತಿದ್ದರು.

ಹಲ್ಲಕ್ಕನಿಗೆ ಒಂದು ಯೋಚನೆ ಬಂತು. ಗೇಮ್ ಯಂತ್ರದ ಬಲಬದಿಯ ಎರಡು ಗುಂಡಿಗಳ ಸಂಪರ್ಕಕ್ಕೆ ತಂತಿ ಬೆಸೆದು, ಅದರ ಬೆನ್ನಲ್ಲಿ ಎಡಗೈ ಬೆರಳು ಆನುವ ಜಾಗಕ್ಕೆ ಎರಡು ಹೊಸ ಸ್ವಿಚ್ಚು ಕೂರಿಸಿದಳು. ಎಡಗೈ ಒಂದಿದ್ದರೆ ಸಾಕು, ಇಡೀ ಸಂಗೀತ ಕಟ್ಟಬಹುದು. ಒಂದು ತಿಂಗಳ ಕೆಲಸ. ಕೊಟ್ಟಾಗ ಭಾವ ತಿರುಗಿಸಿ ತಿರುಗಿಸಿ ನೋಡಿದರು, ತಲೆಯಾಡಿಸಿದರು, ಕಿಟಕಿಯ ಕಟ್ಟೆಯ ಮೇಲಿಟ್ಟರು. ಅದು ಅಲ್ಲೇ ಉಳಿಯಿತು. ಮೂರು ವಾರದಲ್ಲಿ ಎರಡು ಸಲ ಧೂಳೊರೆಸಿದವಳು ಅವಳೇ.

ಕೊನೆಗೆ ತಡೆಯಲಾರದೆ ಕೇಳಿದಳು. "ಹೇಗಿದೆ ಅಂತ ಹೇಳಲೇ ಇಲ್ಲ ಭಾವ."

"ಚೆನ್ನಾಗಿದೆಯಮ್ಮ. ಎಲ್ಲಾ ಎಡಗೈಗೇ ಸಿಗತ್ತೆ."

"ಮತ್ತೆ ಯಾಕೆ ಮುಟ್ತಿಲ್ಲ?"

"ಈ ಕೈಗೆ ನೀನು ಏನೂ ಕೆಲಸ ಇಟ್ಟಿಲ್ಲ," ಎಂದರು, ಬಲಗೈ ನೋಡಿಕೊಂಡು. "ಅಲ್ಲಿ ಪ್ರೆಸ್ಸಿನವರು ಕೆಲಸದಿಂದ ತೆಗೆದುಹಾಕಿದ್ರು. ಇಲ್ಲಿ ನೀನು ತೆಗೆದುಹಾಕಿದೆ."

ಗದರಿದ ದನಿಯಲ್ಲ. ಬೇಜಾರಿನ ದನಿಯೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಂತಿತ್ತು. ಮರುದಿನ ಲ್ಯಾಬಿನಲ್ಲಿ ಹಲ್ಲಕ್ಕ ಒಂದು ಪಂಕ್ತಿಯ ಕೋರೆಹಲ್ಲುಗಳನ್ನು ಅದಲುಬದಲು ಜೋಡಿಸಿ ಮಾಲೀಕರ ಕೈಲಿ ಬೈಸಿಕೊಂಡಳು. ಒಳ್ಳೆಯದು ಮಾಡಿದೆನೆಂದು ಬೀಗಿದ್ದೆ, ಕೇಳಬೇಕಾದ ಮಾತೇ ಕೇಳಿರಲಿಲ್ಲ ಎಂಬುದು ದಿನವಿಡೀ ಮುಳ್ಳಿನಂತೆ ಚುಚ್ಚುತ್ತಿತ್ತು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಹಿಂದಿನ ಕೋಣೆಗೆ ಹೋದಳು. "ಕ್ಲಾರಿನೆಟ್ಟಲ್ಲಿ ನಿಮಗೆ ಯಾವುದು ಇಷ್ಟ ಇತ್ತು ಭಾವ?"

"ಜಾರೋದು," ಎಂದರು ಅವರು, ತಡವರಿಸದೆ. "ಒಂದು ಸ್ವರದಿಂದ ಇನ್ನೊಂದಕ್ಕೆ ಮೆಲ್ಲಗೆ ಜಾರೋದು. ನಿನ್ನ ಡಬ್ಬಿ ಮೆಟ್ಟಿಲು ಹತ್ತತ್ತೆ ಅಷ್ಟೆ. ಜಾರಲ್ಲ."

ಜಾರಿಸುವ ದಾರಿ ಅವಳಿಗೆ ಗೊತ್ತಿತ್ತು. ಆ ಯಂತ್ರದ ಒಳಗೆ ಕೈಗಡಿಯಾರದಲ್ಲಿ ಇರುವಂಥ ಒಂದು ಪುಟ್ಟ ಹರಳಿದೆ. ಅದರ ಮಿಡಿತದ ಮೇಲೇ ಎಲ್ಲವೂ ನಡೆಯುವುದು. ಹರಳು ತೆಗೆದು, ವೇಗ ಬದಲಿಸಬಲ್ಲ ಬೇರೊಂದು ಮಿಡಿತದ ಚಿಪ್ ಹಾಕಿ, ಅದಕ್ಕೊಂದು ತಿರುಗುವ ಗುಂಡಿ ಜೋಡಿಸಿದರೆ, ಗುಂಡಿ ತಿರುಗಿದಂತೆ ಇಡೀ ಹಾಡು ಏರುತ್ತದೆ, ಇಳಿಯುತ್ತದೆ, ಜಾರುತ್ತದೆ. ಆ ಗುಂಡಿ ಹೆಬ್ಬೆರಳು ಕಿರುಬೆರಳುಗಳ ನಡುವೆ ಕೂರಬೇಕು.

ಲ್ಯಾಬಿನಿಂದ ಹಲ್ಲಿನ ಅಚ್ಚು ತೆಗೆಯುವ ಹಿಟ್ಟು ತಂದು, ನೀರು ಬೆರೆಸಿ, ಬಟ್ಟಲಿಗೆ ಸುರಿದಳು. "ಕೈ ಕೊಡಿ."

ಭಾವ ಒಂದು ಕ್ಷಣ ಹಿಂಜರಿದರು. ಆಸ್ಪತ್ರೆಯವರನ್ನು ಬಿಟ್ಟರೆ ಆ ಕೈಯನ್ನು ಯಾರೂ ಮುಟ್ಟಿರಲಿಲ್ಲ. ಹಲ್ಲಕ್ಕ ಮಣಿಕಟ್ಟು ಹಿಡಿದು ಹಿಟ್ಟಿನೊಳಗೆ ಇಳಿಸಿದಳು. ಹಿಟ್ಟು ಗಟ್ಟಿಯಾಗುವ ಮೂರು ನಿಮಿಷ ಇಬ್ಬರೂ ಅಲುಗಾಡದೆ ಕೂತರು.

"ತಣ್ಣಗಿದೆ," ಎಂದರು ಭಾವ.

"ಪುದೀನ ವಾಸನೆನೂ ಇದೆ. ಬಾಯಿಗೆ ಅಂತ ಮಾಡಿರೋದಲ್ವಾ."

ಅವರ ಮೀಸೆಯ ಕೆಳಗೆ ನಗು ಮೂಡಿತು. ಅಪಘಾತವಾದ ಮೇಲೆ ಅವಳು ಕಂಡ ಮೊದಲ ನಗು.

ಆ ಅಚ್ಚಿಗೆ ಗಾರೆ ಸುರಿದು ಮಾಡಿದ ಬಿಳಿ ಕೈ ಲ್ಯಾಬಿನ ಕಪಾಟಿನಲ್ಲಿ ದವಡೆಗಳ ಸಾಲಿನ ನಡುವೆ ಒಣಗುತ್ತಿದ್ದುದನ್ನು ಕಂಡು ಮಾಲೀಕರು ಹೌಹಾರಿದರು. "ಏನಮ್ಮ, ಹಲ್ಲು ಸಾಕಾಯ್ತಾ?" ಎಂದು ಗೊಣಗಿದರು. ಗಾರೆಯ ಬೆರಳುಗಳ ನಡುವೆ ಮೇಣ ತುಂಬಿ ಆಕಾರ ತೆಗೆದು, ಹಲ್ಲಿನ ವಸಡು ಮಾಡುವ ಗುಲಾಬಿ ಅಕ್ರಿಲಿಕ್ಕಿನಲ್ಲೇ ಗುಂಡಿ ಎರಕವಾಗಿ ಯಂತ್ರಕ್ಕೆ ಕೂತಿತು.

"ಬೇರೆ ಬಣ್ಣ ಇಲ್ಲ ಭಾವ."

"ಇರಲಿ ಬಿಡು. ಕೈಗೂ ವಸಡು ಬಂತು ಅಂದ್ಕೋತೀನಿ."

ಅಂದಿನಿಂದ ಹಿಂದಿನ ಕೋಣೆಯ ಬಾಗಿಲು ಮುಚ್ಚಿದ್ದೇ ಹೆಚ್ಚು. ಒಳಗಿಂದ ಬರುವ ಸದ್ದು ಕೇಳಿ ಅತ್ತೆ, "ತಗಡಿನ ಡಬ್ಬೀಲಿ ನೊಣ ಸೇರ್ಕೊಂಡ ಹಾಗಿದೆ" ಎಂದರು. ಆದರೆ ಟೀವಿಯ ಸದ್ದು ತಗ್ಗಿಸಿದವರೂ ಅವರೇ.

ಕ್ಲಿನಿಕ್ಕಿನ ಸಹಾಯಕಿ ಮತ್ತು ಅವಳ ಗೆಳೆಯರು ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಮಧ್ಯಾಹ್ನ ಇಂಥ ಸಂಗೀತವನ್ನೇ ಇಟ್ಟುಕೊಂಡರು. ಇದ್ದ ನಲವತ್ತು ಕುರ್ಚಿಯಲ್ಲಿ ಅರ್ಧ ತುಂಬಿತ್ತು. ಭಾವನ ಸರದಿ ಬಂತು. ಮೊದಲು ಮೆಟ್ಟಿಲು ಹತ್ತುವ ಸ್ವರಗಳು. ಆಮೇಲೆ ಬಲಗೈ ನಿಧಾನ ತಿರುಗಿತು, ನಾಲ್ಕೂ ಕಂಠಗಳು ಒಟ್ಟಿಗೆ ಕೆಳಗೆ ಜಾರಿದವು, ನಿಂತವು, ಮತ್ತೆ ಎದ್ದವು. ಮೂರನೆಯ ಸಲ ಅವರು ಇನ್ನೂ ಮೇಲಕ್ಕೆ ಏರಿಸಿದರು. ವೇಗ ಮಿತಿಮೀರಿತು, ಯಂತ್ರ ಒಂದೇ ಸ್ವರ ಹಿಡಿದು ಕೂಂ ಎಂದು ಕಲ್ಲಾಗಿ ನಿಂತಿತು.

ಭಾವ ಸ್ವಿಚ್ಚು ಆರಿಸಿದರು, ಹಾಕಿದರು, ಆತುರಪಡದೆ ಮೊದಲಿಂದ ಶುರುಮಾಡಿದರು. ಈ ಸಲ ಆ ಅಂಚಿನ ಹತ್ತಿರಕ್ಕೇ ಹೋಗಿ, ಕೂದಲೆಳೆಯಷ್ಟು ಉಳಿಸಿಕೊಂಡು ಹಿಂದೆ ಬಂದರು.

ಮನೆಗೆ ಮರಳುವ ಬಸ್ಸಿನಲ್ಲಿ ಹಲ್ಲಕ್ಕ, "ಒಂದು ತಡೆ ಹಾಕಿಬಿಡ್ತೀನಿ ಭಾವ. ಅಷ್ಟು ದೂರ ತಿರುಗೋದೇ ಬೇಡ," ಎಂದಳು.

"ತಡೆ ಬೇಡ. ಕೊಂಚ ಬಿಗಿ ಮಾಡು, ಸಾಕು. ಅಂಚು ಎಲ್ಲಿದೆ ಅಂತ ಕೈಗೇ ಗೊತ್ತಾಗಲಿ."

ಬಿಗಿ ಮಾಡಿಕೊಟ್ಟಳು. ಇನ್ನೂ ಬೇಕು ಎಂದರು, ಮತ್ತೆ ಬಿಚ್ಚಿದಳು. ಮೂರನೆಯ ಸಲಕ್ಕೆ ಒಪ್ಪಿದರು. ಈಗ ವರ್ಷಕ್ಕೆ ಏಳೆಂಟು ಮಂದಿ ತಮ್ಮ ಯಂತ್ರ ಹಿಡಿದು ಅವಳಲ್ಲಿಗೆ ಬರುತ್ತಾರೆ. ಕೈ ನಡುಗುವ ಒಬ್ಬ ನಿವೃತ್ತ ಟೈಪಿಸ್ಟ್, ಕೀಲುನೋವಿನ ಒಬ್ಬ ದರ್ಜಿ. ಹಲ್ಲಕ್ಕ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಅವರನ್ನು ಕೂರಿಸಿ, ಚಹಾ ಕೊಟ್ಟು, ಅರ್ಧ ಗಂಟೆ ಮಾತಾಡಿಸುತ್ತಾಳೆ. ಭಾವ ಪಕ್ಕದಲ್ಲಿ ಕೂತು, ಬಿಚ್ಚಿದ ತಿರುಪುಗಳು ಉರುಳಿಹೋಗದಂತೆ ತಟ್ಟೆ ಹಿಡಿದಿರುತ್ತಾರೆ.