ಕೊನೆಯ ಪಾಳಿಯ ಹಿಟ್ಟು

ಪ್ಯಾಕೆಟ್ ಹಿಟ್ಟು ತರುವವರಿಗೆ ಇದು ಗೊತ್ತಿರಲಿಕ್ಕಿಲ್ಲ. ಗಿರಣಿಯಲ್ಲಿ ಬೀಸಿಸಿಕೊಂಡು ಮನೆಗೆ ಒಯ್ಯುವ ಹಿಟ್ಟಿನಲ್ಲಿ ಒಂದು ಬೊಗಸೆ ನಿಮ್ಮದಲ್ಲ. ನಿಮಗಿಂತ ಮೊದಲು ಬೀಸಿಸಿಕೊಂಡು ಹೋದವರದು ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲಿ ಅಷ್ಟಿಷ್ಟು ಉಳಿದಿರುತ್ತದೆ, ಅದು ನಿಮ್ಮ ಡಬ್ಬಿಗೆ ಬೀಳುತ್ತದೆ. ನಿಮ್ಮದು ಅಷ್ಟೇ ಉಳಿದು ನಿಮ್ಮ ನಂತರದವರ ಡಬ್ಬಿಗೆ ಹೋಗುತ್ತದೆ. ಅದಕ್ಕೇ ನಮ್ಮ ಕಡೆಯ ಹೆಂಗಸರು ಪಾಳಿಗೆ ಡಬ್ಬಿ ಇಡುವಾಗ ಮುಂದೆ ಯಾರದಿದೆ ಎಂದು ಒಮ್ಮೆ ಕಣ್ಣಾಡಿಸಿಯೇ ಇಡುತ್ತಾರೆ. ಮೆಕ್ಕೆಜೋಳದ ಹಿಂದೆ ಗೋಧಿ ಹಾಕಿದರೆ ಚಪಾತಿ ಹರಿಯಿತು ಎಂದು ಮರುದಿನ ಜಗಳಕ್ಕೆ ಬರುತ್ತಾರೆ. ಹದಿನೆಂಟು ವರ್ಷಗಳಿಂದ ನಾನು ಈ ಜಗಳ ಬಿಡಿಸುತ್ತಿದ್ದೇನೆ. ನಿಜ ಹೇಳಬೇಕೆಂದರೆ ಅದರಲ್ಲಿ ನನಗೆ ಸ್ವಲ್ಪ ಮಜವೂ ಇದೆ.

ನಮ್ಮೂರು ಶಿರಗುಪ್ಪಿಗೂ ಐನಾಪುರಕ್ಕೂ ನಡುವೆ. ನನ್ನ ತವರು ರಾಯಬಾಗದ ಕಡೆ. ಮದುವೆಯಾಗಿ ಬಂದಾಗ ಗಿರಣಿ ಅತ್ತೆಯ ಕೈಯಲ್ಲಿತ್ತು. ಅವರ ಮೊಣಕಾಲು ಕೈಕೊಟ್ಟ ಮೇಲೆ ನನ್ನ ಪಾಲಿಗೆ ಬಂತು. ಗಂಡ ಸಕ್ಕರೆ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾರೆ, ಗಿರಣಿಯ ಸದ್ದೆಂದರೆ ಅವರಿಗೆ ಆಗದು.

ಹತ್ತು ಹನ್ನೆರಡು ವರ್ಷಗಳಿಂದ ನಮ್ಮ ಕಡೆ ಹೊರಗಿನವರು ಬರುವುದು ಹೆಚ್ಚಾಯಿತು. ಕಬ್ಬು ಕಡಿಯಲು ಮಹಾರಾಷ್ಟ್ರದ ಟೋಳಿಗಳು ಮೊದಲಿನಿಂದಲೂ ಬರುತ್ತಿದ್ದವು. ಅವರ ಮಾತು ನಮಗೆಲ್ಲ ಬರುತ್ತದೆ, ಹಾಗಾಗಿ ಅವರನ್ನು ಯಾರೂ ಅಷ್ಟಾಗಿ ಹೊರಗಿನವರೆಂದು ಎಣಿಸುವುದಿಲ್ಲ. ದ್ರಾಕ್ಷಿ ತೋಟಗಳಿಗೆ ಬಿಹಾರದವರು ಬಂದರು. ಗೊನೆಯ ಹೀಚು ಬಿಡಿಸಿ ತೆಳುವು ಮಾಡುವುದು, ಒಂದೊಂದೇ ಗೊನೆಯನ್ನು ಔಷಧದ ಡಬ್ಬಿಯಲ್ಲಿ ಅದ್ದುವುದು, ಇದಕ್ಕೆ ನಮ್ಮವರು ಈಗ ಬಗ್ಗುವುದಿಲ್ಲ. ಇಟ್ಟಂಗಿ ಭಟ್ಟಿಗಳಿಗೆ ಎಲ್ಲೆಲ್ಲಿಂದಲೋ ಬಂದರು. ಇವರೆಲ್ಲ ಅಂಗಡಿಯಿಂದ ಗೋಧಿ ಕೊಂಡು ನನ್ನ ಗಿರಣಿಗೇ ತರಬೇಕಲ್ಲ.

ಪಾಳಿಯಲ್ಲಿ ಪಿಸುಮಾತು ಶುರುವಾಯಿತು. ಅವರು ಎಂಥ ಚೀಲದಲ್ಲಿ ತಂದಿರುತ್ತಾರೋ, ಏನು ತಿನ್ನುತ್ತಾರೋ, ಸ್ನಾನ ಯಾವಾಗ ಮಾಡುತ್ತಾರೋ ಎಂದು. ಎದುರು ಮನೆಯವಳು ಮೊದಲು ಬಾಯಿಬಿಟ್ಟು ಹೇಳಿದಳು.

"ಅವರ ಹಿಂದ ನಮ್ಮದ ಹಾಕಬ್ಯಾಡವಾ. ಬೇಕಾದ್ರ ನಾಳಿ ಬರತೇನಿ."

ನಾನು ಜಾಣತನ ಮಾಡಿದೆ. ಗೋಧಿಯ ಪಾಳಿ ನಾಲ್ಕು ಗಂಟೆಯ ಮೇಲೆ ಎಂದು ಹೇಳಿಬಿಟ್ಟೆ. ಊರವರ ಗೋಧಿ ಅದಕ್ಕೂ ಮೊದಲೇ ಹೇಗೋ ಮುಗಿದುಹೋಗುತ್ತಿತ್ತು. ಉಳಿಯುತ್ತಿದ್ದವರು ಹೊರಗಿನವರು ಮಾತ್ರ. ಯಾರಿಗೂ ಏನೂ ಅನ್ನಲಿಲ್ಲ, ಯಾರನ್ನೂ ದೂರ ಮಾಡಲಿಲ್ಲ, ಕಾಳಿನ ಗುಣಕ್ಕಾಗಿ ಮಾಡಿದ ವ್ಯವಸ್ಥೆ ಇದು ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಗಿರಣಿ ಮುಚ್ಚುವ ಮುನ್ನ ಕಲ್ಲು ಒರೆಸಿಬಿಡುತ್ತಿದ್ದೆ.

ಆ ಕೊನೆಯ ಪಾಳಿಯಲ್ಲೇ ಆಕೆ ಬರುತ್ತಿದ್ದಳು. ಬಿಹಾರದವರಲ್ಲಿ ಬಹಳಷ್ಟು ಜನ ಒಂಟಿ ಗಂಡಸರು. ಆಕೆಯ ಗಂಡ ಮಾತ್ರ ಹೆಂಡತಿ, ಮಗಳನ್ನು ಕರೆತಂದು ತೋಟದ ಶೆಡ್ಡಿನಲ್ಲಿ ಸಂಸಾರ ಹೂಡಿದ್ದ. ಮಗಳು ನಮ್ಮೂರ ಕನ್ನಡ ಶಾಲೆಗೆ ಹೋಗುತ್ತಿದ್ದಳು. ಕೊನೆಯ ಪಾಳಿ ಎಂದರೆ ಹಿಂದೆ ಯಾರ ಗಡಿಬಿಡಿಯೂ ಇಲ್ಲ. ನನಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ನನ್ನ ಹರಕು ಹಿಂದಿ, ಆಕೆಯ ಹರಕು ಕನ್ನಡ ಸೇರಿಸಿ ಮಾತು ನಡೆಯಿತು. ಎರಡನೆಯ ವರ್ಷಕ್ಕೆ ಆಕೆಯ ಕನ್ನಡ ಮುಂದೆ ಹೋಯಿತು, ನನ್ನ ಹಿಂದಿ ಇದ್ದಲ್ಲೇ ಉಳಿಯಿತು. ಮೊದಲು ದೀದಿ ಎನ್ನುತ್ತಿದ್ದವಳು ಅಕ್ಕಾ ಎನ್ನತೊಡಗಿದಳು.

ಒಂದು ಬೇಸಿಗೆಯಲ್ಲಿ ಹುರಿದ ಕಡಲೆ ತಂದು ಬೀಸಿಕೊಡಿ ಎಂದಳು. ಕಲ್ಲಿಗೆ ಮೆತ್ತುತ್ತದೆ ಎಂದು ನಾನು ಗೊಣಗಿದೆ. ಬೀಸಿದ ಮೇಲೆ ಅಲ್ಲೇ ಒಂದು ಚೊಂಬು ನೀರಿಗೆ ಆ ಹಿಟ್ಟು, ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಕಲಕಿ ಕುಡಿಯಲು ಕೊಟ್ಟಳು. ಹಿಟ್ಟು ಕದಡಿ ಕುಡಿಯುವುದು ಎಮ್ಮೆಗಲ್ಲವೇ ಎಂದು ನಾನು ನಕ್ಕೆ. ಕುಡಿದು ನೋಡಿದೆ. ಆ ಬೇಸಿಗೆಯ ಮಧ್ಯಾಹ್ನಗಳೆಲ್ಲ ಅದರ ಮೇಲೇ ಕಳೆದವು ಎನ್ನಬಹುದು. ಆಕೆಗೆ ನಮ್ಮ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ನಗು. ಕಲಿಸಿದೆ, ಕಲಿಯಲಿಲ್ಲ, ಅವಳ ರೊಟ್ಟಿ ಇವತ್ತಿಗೂ ಅಂಚಿನಲ್ಲಿ ಸೀಳುತ್ತದೆ. ಗಿರಣಿಯ ಬಟ್ಟೆಯ ತೋಳು ಹರಿದಾಗ ಕೇಳದೆಯೇ ಸೂಜಿ ದಾರ ತಂದು ಹೊಲಿದು ಕೊಟ್ಟಳು. ನನಗೆ ಆಕೆ ಇಷ್ಟವಾಗಿಬಿಟ್ಟಿದ್ದಳು. ಊರಲ್ಲಿ ಯಾರಾದರೂ ಬಿಹಾರದವರನ್ನು ಬೈದರೆ, ನಮ್ಮ ಬಿಹಾರದ ಹೆಣ್ಣುಮಗಳನ್ನು ನೋಡಿ ಮಾತಾಡಿ ಎಂದು ನಡುವೆ ಬಾಯಿ ಹಾಕುತ್ತಿದ್ದೆ. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಹಮ್ಮು ನನಗೆ.

ಮೂರನೆಯ ವರ್ಷ ಹೊಲದ ಬಾವಿಗಳಿಂದ ಮೋಟರಿನ ಕೇಬಲ್ಲು ಕಳುವಾಗತೊಡಗಿತು. ಎಲ್ಲರ ಬೆರಳೂ ಶೆಡ್ಡುಗಳ ಕಡೆಗೇ ಹೋಯಿತು. ನಮ್ಮ ಓಣಿಯ ಹಿರಿಯರೊಬ್ಬರು ಗಿರಣಿಯ ಕಟ್ಟೆಗೆ ಬಂದು ಕೂತರು. ನನ್ನ ಮಾವನ ಸ್ನೇಹಿತರು, ಅವರ ಮುಂದೆ ನಾನು ಇನ್ನೂ ತಲೆಯ ಮೇಲೆ ಸೆರಗು ಹೊದೆಯುತ್ತೇನೆ.

"ತಂಗೆವ್ವಾ, ಆ ಮಂದೀಗೆ ವಾರದಾಗ ಒಂದ ದಿವಸ ಬ್ಯಾರೆ ಇಡು," ಎಂದರು. "ಇಲ್ಲಂದ್ರ ಓಣ್ಯಾಗಿನ ಮಂದಿ ಬ್ಯಾರೆ ಗಿರಣಿ ನೋಡ್ಕೋತಾರ."

ನನ್ನ ಸಿಟ್ಟು ಊರಿಗೆಲ್ಲ ಗೊತ್ತು. ಸೆರಗು ಸರಿಮಾಡಿಕೊಂಡೇ ಉತ್ತರ ಕೊಟ್ಟೆ.

"ನನ್ನ ಗಿರಣ್ಯಾಗ ಎಲ್ಲಾರ ಹಿಟ್ಟೂ ಕೂಡತೈತ್ರಿ. ಯಾರದೂ ಬ್ಯಾರೆ ಇಲ್ಲ."

ಅವರು ಎದ್ದು ಹೋದರು. ಒಂದಷ್ಟು ಮನೆಯವರು ಕೆಲವು ವಾರ ಬೇರೆ ಕಡೆ ಹೋಗಿ, ಅಲ್ಲಿಯ ಹಿಟ್ಟು ತರಿತರಿ ಎಂದು ವಾಪಸು ಬಂದರು. ಕೇಬಲ್ಲಿನ ಕಳ್ಳ ಸಿಗಲಿಲ್ಲ. ನನ್ನ ಆ ಒಂದು ಮಾತು ಮಾತ್ರ ನನಗೆ ಬಹಳ ಹಿಡಿಸಿತ್ತು. ತವರಿಗೆ ಹೋದಾಗಲೂ ಹೇಳಿದೆ, ಮಹಿಳಾ ಸಂಘದ ಸಭೆಯಲ್ಲೂ ಹೇಳಿದೆ.

ನಾಲ್ಕನೆಯ ವರ್ಷದ ದೀಪಾವಳಿ ಮುಗಿದ ಮರುದಿನ ಆಕೆ ಗೋಧಿಯಿಲ್ಲದೆ ಬರಿಗೈಯಲ್ಲಿ ಬಂದಳು. ಅವರ ಊರ ಕಡೆ ದೀಪಾವಳಿಯಾದ ಆರನೆಯ ದಿನಕ್ಕೆ ಸೂರ್ಯನ ಪೂಜೆ ಇರುತ್ತದೆ, ಛಠ್ ಎನ್ನುತ್ತಾರೆ. ನೀರಿಲ್ಲದ ಉಪವಾಸ, ನದಿಯಲ್ಲಿ ನಿಂತು ಸೂರ್ಯನಿಗೆ ಅರ್ಘ್ಯ ಕೊಡುವುದು. ಮನೆಯ ಪರವಾಗಿ ಅವಳ ಅತ್ತೆ ಮಾಡಿಕೊಂಡು ಬಂದಿದ್ದರು. ಈ ಸಲ ಅವರಿಗೆ ಏಳಲಾಗುತ್ತಿಲ್ಲ, ಫೋನಿನಲ್ಲೇ ವ್ರತವನ್ನು ಸೊಸೆಗೆ ಒಪ್ಪಿಸಿದ್ದರು. ಒಮ್ಮೆ ಹಿಡಿದರೆ ಬಿಡುವಂತಿಲ್ಲ, ಮೊದಲ ವರ್ಷವೇ ಮಡಿ ಕೆಟ್ಟರೆ ಮನೆಗೆ ಆಗದು ಎಂದು ಅವಳಿಗೆ ಹೆದರಿಕೆ. ತೋಟದಲ್ಲಿ ಗೊನೆ ಅದ್ದುವ ಕೆಲಸ ಹತ್ತಿರ ಬಂದಿತ್ತು, ಊರಿಗೆ ಹೋಗಲು ರಜೆ ಇಲ್ಲ. ಇಲ್ಲೇ ಕೃಷ್ಣಾ ನದಿಯಲ್ಲಿ ಮಾಡುತ್ತೇನೆ ಎಂದಳು. ಪ್ರಸಾದದ ಗೋಧಿಯನ್ನು ತೊಳೆದು, ಗುಬ್ಬಿಯೂ ಮುಟ್ಟದಂತೆ ಕಾವಲು ಕೂತು ಒಣಗಿಸಿದ್ದಳಂತೆ. ಗಿರಣಿಯನ್ನು ಪೂರ್ತಿ ತೊಳೆದು ಒರೆಸಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅದನ್ನು ಬೀಸಿಕೊಡಬೇಕು. ಬೇರೆ ಯಾರ ಹಿಟ್ಟೂ ಅದರಲ್ಲಿ ಬೆರೆಯಬಾರದು.

ನನಗೆ ಮೈಯೆಲ್ಲ ಉರಿದುಹೋಯಿತು. ಈಕೆಯ ಪರವಾಗಿ ನಾನು ಓಣಿಯನ್ನೇ ಎದುರು ಹಾಕಿಕೊಂಡಿದ್ದೆ. ಈಗ ಈಕೆಗೆ ನಮ್ಮ ಹಿಟ್ಟು ಮೈಲಿಗೆ. ನಿನಗಾಗಿ ಯಾರ್ಯಾರ ಹತ್ತಿರ ಏನೇನು ಮಾತು ಕೇಳಿದ್ದೇನೆ ಗೊತ್ತೇನು ಎಂದು ಶುರುಮಾಡಿ ಬಾಯಿಗೆ ಬಂದಂತೆ ಅಂದೆ. ಕೊನೆಗೆ ಅದೇ ನನ್ನ ಮೆಚ್ಚಿನ ಮಾತು ಬಂತು, ನನ್ನ ಗಿರಣಿಯಲ್ಲಿ ಎಲ್ಲರ ಹಿಟ್ಟೂ ಕೂಡುತ್ತದೆ, ಯಾರದೂ ಬೇರೆ ಇಲ್ಲ ಎಂದು.

ಆಕೆ ತಲೆ ಬಗ್ಗಿಸಿ ಎಲ್ಲ ಕೇಳಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಅಕ್ಕಾ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಮನೀ ಜ್ವಾಳ ನೀವು ಮುಂಜಾನೆ ಮೊದಲ ಹಾಕತೀರಿ. ಕಲ್ಲ ಒರಸಿ ಹಾಕತೀರಿ. ಮಗಳನ್ನ ಸಾಲಿಗೆ ಬಿಡಾಕ ಬಂದಾಗ ನೋಡೇನಿ. ಒಂದ ದಿನ ನನಗೂ ಹಂಗ ಮಾಡಿಕೊಡ್ರಿ ಅಂತ ಕೇಳಾಕ ಬಂದೇನಿ."

ಇದನ್ನು ನಾನು ಇಲ್ಲಿಯವರೆಗೆ ಬರೆದಿಲ್ಲ. ಮರೆತು ಬಿಟ್ಟದ್ದಲ್ಲ. ನಮ್ಮ ಮನೆಯ ಜೋಳ ಎಂದೂ ಯಾರ ಹಿಂದೆಯೂ ಬಿದ್ದಿಲ್ಲ. ಅತ್ತೆಯ ಕಾಲದಿಂದ ಬಂದ ಪದ್ಧತಿ. ಬೆಳಿಗ್ಗೆ ಬಾಗಿಲು ತೆರೆದು, ಕಲ್ಲು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ನಮ್ಮ ಮನೆಯದು ಹಾಕಿ, ಆಮೇಲೆ ಊರಿನದು. ಊರಲ್ಲಿ ಒಬ್ಬರ ಹಿಟ್ಟನ್ನು ಇನ್ನೊಬ್ಬರಿಗೆ ತಿನ್ನಿಸಿ, ಎಲ್ಲರೂ ಒಂದೇ ಎಂದು ಭಾಷಣ ಮಾಡಿದವಳು ಹದಿನೆಂಟು ವರ್ಷದಲ್ಲಿ ಒಂದು ದಿನವೂ ಆ ಬೊಗಸೆ ಹಿಟ್ಟು ಉಂಡಿರಲಿಲ್ಲ. ನಾಚಿಕೆಯಾಯಿತು. ಇನ್ನೊಂದು ಸಂಗತಿಯೂ ಆಗಲೇ ನೆನಪಾಯಿತು. ಊರಿಗೆ ಜೈನ ಮುನಿಗಳು ಬಂದಾಗ ಅವರ ಆಹಾರಕ್ಕೆಂದು ಪಕ್ಕದ ಮನೆಯ ಅಜ್ಜಿ ತೊಳೆದು ಒಣಗಿಸಿದ ಗೋಧಿ ತಂದು, ಗಿರಣಿ ಸ್ವಚ್ಛ ಮಾಡಿ ಮೊದಲು ಬೀಸು ಎಂದಿದ್ದರು. ಆಗ ನನಗೆ ಸಿಟ್ಟು ಬಂದಿರಲಿಲ್ಲ. ಪುಣ್ಯದ ಕೆಲಸ ಸಿಕ್ಕಿತು ಎಂದು ಸ್ನಾನ ಮಾಡಿ ಬೀಸಿಕೊಟ್ಟಿದ್ದೆ.

ಆಕೆ, ಆಗುವುದಿಲ್ಲವಾದರೆ ಇರಲಿ, ಊರಲ್ಲಿ ಯಾರ ಮನೆಯಲ್ಲಾದರೂ ಬೀಸುಕಲ್ಲು ಇದೆಯೇ ಎಂದು ಕೇಳಿದಳು. ನಾಳೆ ಹೊತ್ತು ಮೂಡುವಷ್ಟರಲ್ಲಿ ಗೋಧಿ ತೆಗೆದುಕೊಂಡು ಬಾ ಎಂದೆ.

ಮರುದಿನ ಬೇಗ ಎದ್ದೆ. ಮೋಟರಿನ ಪಟ್ಟಾ ಬಿಚ್ಚಿ, ಕಾಳು ಸುರಿಯುವ ಡಬ್ಬಿ ಇಳಿಸಿ, ಮೇಲಿನ ಕಲ್ಲು ಸರಿಸಿ ಒದ್ದೆ ಬಟ್ಟೆಯಿಂದ ಒರೆಸಿ ಆರಲು ಬಿಟ್ಟೆ. ಹೊಸ ಬಟ್ಟೆಯ ತೋಳನ್ನು ಆಕೆಯೇ ಹೊಲಿದು ತಂದಿದ್ದಳು. ಒದ್ದೆ ಕೂದಲು, ಹಳದಿ ಸೀರೆ, ಗೋಧಿಯ ಡಬ್ಬಿಯನ್ನು ನೆಲಕ್ಕಿಡದೆ ಸೊಂಟದ ಮೇಲೇ ಹಿಡಿದು ನಿಂತಿದ್ದಳು. ಬೀಸಿದ್ದಾದ ಮೇಲೆ ನನ್ನ ಕಾಲು ಮುಟ್ಟಲು ಬಂದಳು, ನಾನು ಹಿಂದೆ ಸರಿದೆ. ಆಕೆ ಹೋಗುವಾಗ ಎದುರು ಮನೆಯವಳು ಡಬ್ಬಿ ತಂದಳು. ಏನು ಇಷ್ಟು ಬೇಗ ಎಂದು ಕೇಳಿದಳು. ವ್ರತದ ಗೋಧಿ ಎಂದೆ. ಅವಳು, ಹಾಗಿದ್ದರೆ ಅದರ ಹಿಂದೆ ತನ್ನದೇ ಹಾಕು ಎಂದಳು. ದೇವರ ಹಿಟ್ಟಲ್ಲವೇ, ಒಳ್ಳೆಯದು ಎಂದು. ಇವಳನ್ನು ಏನು ಮಾಡಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ನಮ್ಮ ಮನೆಯ ಜೋಳದ ಡಬ್ಬಿ ಮೂಲೆಯಲ್ಲಿತ್ತು. ಅದನ್ನು ಆ ದಿನ ಎಲ್ಲರ ಕೊನೆಗೆ ಹಾಕುವುದೆಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಯಾರಿಗೂ ಹೇಳಲಿಲ್ಲ. ಊರವರ ಜೋಳ ಮುಗಿಯಿತು, ಗೋಧಿ ಮುಗಿಯಿತು. ನಾಲ್ಕು ಗಂಟೆಯ ಮೇಲೆ, ಆ ವಾರವಷ್ಟೇ ಇಟ್ಟಂಗಿ ಭಟ್ಟಿಗೆ ಬಂದಿಳಿದ ಹೊಸ ಜನ ಸಿಮೆಂಟಿನ ಖಾಲಿ ಚೀಲವೊಂದನ್ನು ತೊಳೆದು ಅದರಲ್ಲಿ ಗೋಧಿ ತಂದರು. ಅವರದು ಬೀಸಿದೆ. ಕಲ್ಲು ಒರೆಸಲು ಕೈ ತಾನಾಗಿಯೇ ಬಟ್ಟೆಯ ಕಡೆಗೆ ಹೋಯಿತು. ಒರೆಸದೆ ನಮ್ಮ ಜೋಳ ಸುರಿದೆ.

ಮರುದಿನ ಮಧ್ಯಾಹ್ನ ಆ ಹಿಟ್ಟಿನ ರೊಟ್ಟಿ ಬಡಿದೆ. ಅತ್ತೆ ಉಂಡರು, ಬದನೆಕಾಯಿ ಪಲ್ಯಕ್ಕೆ ಇನ್ನೊಂದು ಅರ್ಧ ರೊಟ್ಟಿ ಹಾಕು ಎಂದರು. ಗಂಡ ಉಂಡು ಎದ್ದುಹೋದರು. ಯಾರಿಗೂ ಏನೂ ಗೊತ್ತಾಗಲಿಲ್ಲ, ಗೊತ್ತಾಗುವಂಥದ್ದು ಏನೂ ಇರಲಿಲ್ಲ. ಆಮೇಲೆ ನಾನು ಕೂತೆ. ತುತ್ತು ಮುರಿದು ಬಾಯಿಗಿಟ್ಟೆ. ಅಗಿದೆ, ಅಗಿಯುತ್ತಲೇ ಇದ್ದೆ. ನನ್ನ ಕಣ್ಣ ಮುಂದೆ ಆ ಸಿಮೆಂಟಿನ ಚೀಲ. ಅದೇ ಬೊಗಸೆ ಹಿಟ್ಟು ಆಕೆಯದಾಗಿದ್ದರೆ ಹಿಂದೆ ಮುಂದೆ ನೋಡದೆ ನುಂಗುತ್ತಿದ್ದೆ. ನಾಲ್ಕು ವರ್ಷದಲ್ಲಿ ನನಗೆ ಗೊತ್ತಾದದ್ದು ಆಕೆ ಒಬ್ಬಳೇ. ಹಿಂದಿನ ದಿನವಷ್ಟೇ ಚೀಲ ಹಿಡಿದು ನನ್ನೆದುರು ನಿಂತಿದ್ದವರು ಹೆಂಗಸರೋ ಗಂಡಸರೋ ಎಂಬುದೇ ನನಗೆ ನೆನಪಾಗಲಿಲ್ಲ. ನೀರು ಕುಡಿದು ನುಂಗಿದೆ.