ದಾದರದ ಟ್ರಾಮಿನ ಎಡಗಡೆ

ಮುಂಬಯಿಗೆ ಹೋಗಿ ಸಮುದ್ರ ನೋಡದೆ ಬಂದವಳು ಕಲಬುರಗಿಯ ಈ ಶಹಾಬಜಾರದಲ್ಲಿ ನಾನೊಬ್ಬಳೇ ಇರಬೇಕು. ಓಣಿಯ ಹೆಂಗಸರು ಬಿಡುತ್ತಾರೆಯೇ? ಮೊರ ಹಿಡಿದು ಕಟ್ಟೆಗೆ ಕೂತರೆಂದರೆ ಸಾಕು, "ಮತ್ತ ಅಲ್ಲಿ ಏನ್ ನೋಡಿ ಬಂದ್ರಿ?" ಎಂದು ಚೇಷ್ಟೆ ಶುರು. "ಟ್ರಾಮ್ ನೋಡೀನಿ," ಎನ್ನುತ್ತೇನೆ. ನಗುತ್ತಾರೆ. ನಗಲಿ. ಸಂಜೆ ದೀಪ ಹಚ್ಚುವಾಗ ಒಮ್ಮೊಮ್ಮೆ ಆ ಟ್ರಾಮಿನ ಗಂಟೆ ನೆನಪಾಗಿ, ಕಡ್ಡಿ ಬೆರಳು ಸುಡುವತನಕ ಈಗಲೂ ಹಾಗೇ ನಿಂತುಬಿಡುತ್ತೇನೆ.

ಆಗ ನಮ್ಮದು ನಿಜಾಮರ ರಾಜ್ಯ, ಮುಂಬಯಿ ಇಂಗ್ರೇಜರದು. ರೈಲು ಸರಹದ್ದು ದಾಟಿತೆಂದರೆ ನಮಗೆ ಪರದೇಶವೇ. ನಮ್ಮ ರೊಕ್ಕ ಅಲ್ಲಿ ನಡೆಯುತ್ತಿರಲಿಲ್ಲ, ನಮ್ಮ ಮಾತೂ ನಡೆಯುತ್ತಿರಲಿಲ್ಲ. ಕಲಬುರಗಿಯ ಗಂಜ್ ಪೇಟೆಯಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದ ನಮ್ಮ ಯಜಮಾನರು ಒಮ್ಮೆ ಕೆಲಸಕ್ಕೆಂದು ಅಲ್ಲಿಗೆ ಹೊರಟಾಗ ನನ್ನನ್ನೂ ಕರೆದರು. ಸುದ್ದಿ ಮುಟ್ಟಿದ್ದೇ ತಡ, ತವರೂರು ಕಮಲಾಪುರದಿಂದ ನನ್ನ ಅಪ್ಪ ಚಕ್ಕಡಿ ಹೂಡಿಕೊಂಡು ಬಂದೇಬಿಟ್ಟ. "ನಾನೂ ಬರ್ತೀನಿ. ಸಾಯೋದ್ರೊಳಗ ಒಮ್ಮೆ ಸಮುದ್ರ ನೋಡಬೇಕು," ಎಂದ. ತೋಟದ ಬಾವಿ ಬಿಟ್ಟು ಬೇರೆ ನೀರಿನ ಸುದ್ದಿ ಎತ್ತದ ಮನುಷ್ಯ! ಈ ಹುಚ್ಚು ಎಲ್ಲಿಂದ ಹತ್ತಿತೋ ಎಂದುಕೊಂಡೆ.

ನಿಜ ಹೇಳಬೇಕೆಂದರೆ, ನಮ್ಮ ಮನೆಯಲ್ಲಿ ಮುಂಬಯಿ ಎಂಬ ಶಬ್ದವನ್ನೇ ಯಾರೂ ಆಡುತ್ತಿರಲಿಲ್ಲ. ನನ್ನ ಅಕ್ಕ ಅಲ್ಲಿದ್ದಳು. ಕಲಬುರಗಿಯ ಮಿಲ್ಲಿನಲ್ಲಿ ಕಾರಕೂನನಾಗಿದ್ದ ಬೇರೆ ಜಾತಿಯವನನ್ನು ಮೆಚ್ಚಿ, ಅವನ ಹಿಂದೆ ಹೋಗಿ ಎಷ್ಟೋ ವರ್ಷವಾಗಿತ್ತು. ಅವಳು ಹೋದ ದಿನ ಅಪ್ಪ ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿದು, "ಆಕಿ ಹೊಸ್ತಿಲ ನಾ ತುಳಿಯಂಗಿಲ್ಲ. ನನ್ನ ಹೊಸ್ತಿಲ ಆಕಿ ತುಳೀಬಾರದು," ಎಂದು ಆಣೆ ಮಾಡಿದ. ಲಿಂಗ ಹಿಡಿದು ಆಡಿದ ಮಾತು, ಊರಿಗೆ ಊರೇ ಬಂದು ಕೈಮುಗಿದರೂ ಅಪ್ಪ ತಪ್ಪುವವನಲ್ಲ. ನಾನೋ, ಅಕ್ಕನ ಮಗ್ಗುಲಲ್ಲೇ ಮಲಗಿ ಬೆಳೆದವಳು. ರೈಲು ಹತ್ತುವಾಗ ನನ್ನ ಮನಸ್ಸಿನಲ್ಲಿ ಸಮುದ್ರ ಇರಲಿಲ್ಲ, ಅಕ್ಕ ಇದ್ದಳು. ಆದರೆ ಅಷ್ಟು ದೊಡ್ಡ ಊರಿನಲ್ಲಿ ಅವಳು ಎಲ್ಲಿದ್ದಾಳೆಂದು ಯಾರನ್ನು ಕೇಳಲಿ?

ಪರಿಚಯದ ದಲಾಲರೊಬ್ಬರ ಮಾಳಿಗೆಯ ಕೋಣೆಯಲ್ಲಿ ಇಳಿದೆವು. ಬೆಳಗಾದರೆ ಯಜಮಾನರು ಧಾನ್ಯದ ಪೇಟೆಗೆ ಹೋಗುತ್ತಿದ್ದರು. ಊರು ತಿರುಗುವುದು ನಾನು, ಅಪ್ಪ. ಎರಡು ಮಜಲಿನ ಟ್ರಾಮು ನಾನು ಕಂಡದ್ದೇ ಅಲ್ಲಿ. ಎತ್ತಿಲ್ಲ, ಕುದುರೆಯಿಲ್ಲ, ತಲೆಯ ಮೇಲೊಂದು ತಂತಿ. ಗಂಟೆ ಬಾರಿಸುತ್ತ ಒಂದು ಮನೆಯೇ ಎದ್ದು ಬಂದಂತೆ ಬರುತ್ತಿತ್ತು. ನಾನು ಹಿಂದೆ ಸರಿದು ನಿಂತರೆ ಅಪ್ಪ ಧೋತರ ಎತ್ತಿಕಟ್ಟಿ, ಸರಸರ ಮೇಲಿನ ಮಜಲಿಗೆ ಹತ್ತಿ ಎಡಗಡೆಯ ಸಾಲಿನಲ್ಲಿ ಕೂತುಬಿಡುತ್ತಿದ್ದ. ಕಂಡಕ್ಟರ್ ಬಂದರೆ ನಮ್ಮ ಕಡೆಯ ಉರ್ದುವಿನಲ್ಲಿ, "ದೋ ದೇವ್ ಭಾಯಿ, ದಾದರ್," ಎಂದು ಎರಡು ಟಿಕೇಟು ಕೇಳುವನು.

ದಾದರಕ್ಕೆ ಹೋಗುವುದು, ತಿರುಗಿ ಬರುವುದು. ಮರುದಿನವೂ ಅದೇ, ಅದರ ಮರುದಿನವೂ ಅದೇ.

ದಾರಿಯಲ್ಲಿ ರಾಣಿಬಾಗು ಬಂದಾಗ, "ಯಪ್ಪಾ, ಇಲ್ಲಿ ಹುಲಿ ಅದಾವಂತ, ಇಳಿಯೋಣು," ಎಂದೆ.

"ಹುಲಿ ಏನ್ ನೋಡ್ತಿ, ಕುಂದ್ರು."

"ಮತ್ತ ಸಮುದ್ರ?"

"ಅದೇನು ಓಡಿ ಹೋಗತದೇನು?"

ನನಗೆ ಮೈಯೆಲ್ಲ ಉರಿಯಿತು. ಈ ಮುದುಕನಿಗೆ ಟ್ರಾಮಿನ ದೆವ್ವ ಬಡಿದಿದೆ ಎಂದು ಯಜಮಾನರ ಮುಂದೆ ಅತ್ತೂ ಬಿಟ್ಟೆ. ಸಾಲದ್ದಕ್ಕೆ, ದಿನಾ ನಾನು ರೊಟ್ಟಿ ಬಡಿಯುವ ಹೊತ್ತಿಗೆ ಒಬ್ಬನೇ ಹೋಗಿ ಟ್ರಾಮಿನಲ್ಲಿ ಒಂದು ಸುತ್ತು ಹಾಕಿ ಬಂದಿರುತ್ತಿದ್ದ.

ಒಂದು ದಿನ ದಾದರದ ದಾರಿಯ ಲಾಲಬಾಗಿನಲ್ಲಿ ಮುಂದೆ ಯಾವುದೋ ಬಂಡಿ ಅಡ್ಡ ಬಂದು ಟ್ರಾಮು ನಿಂತಿತು. ರಸ್ತೆಯ ಎಡಕ್ಕೆ ಮಿಲ್ಲಿನವರ ಚಾಳುಗಳು, ಒಂದರ ಮೇಲೊಂದು ಕೋಣೆಗಳ ಸಾಲು. ನಾವು ಕೂತ ಮಜಲೂ ಆ ಚಾಳಿನ ಮೊದಲ ಮಹಡಿಯ ಪಡಸಾಲೆಯೂ ಸರಿಸಮ ಎತ್ತರ. ಅಲ್ಲಿ ಒಬ್ಬಾಕೆ ಬೆನ್ನು ಮಾಡಿ ನಿಂತು ಒಗೆದ ಸೀರೆ ಜಾಡಿಸಿದಳು, ಮೂಗಿಗೆ ಹಿಡಿದು ಒಮ್ಮೆ ಮೂಸಿದಳು, ಆಮೇಲೆ ಹಗ್ಗಕ್ಕೆ ಹಾಕಿದಳು. ಒದ್ದೆ ಸೀರೆ ಮೂಸಿ ಒಣಹಾಕುವವಳು ಈ ಭೂಮಿಯ ಮೇಲೆ ಒಬ್ಬಳೇ. ನಾನು ಅಪ್ಪನ ಕಡೆ ತಿರುಗಿದೆ. ಅವನ ಕಣ್ಣು ಅಲ್ಲೇ ನೆಟ್ಟಿತ್ತು. ಅವಳ ಮನೆಯ ಗುರುತನ್ನು ಯಾರಿಂದಲೋ ತಿಳಿದುಕೊಂಡೇ ಬಂದಿದ್ದ!

"ಅಕ್ಕಾ!" ಎಂದು ಚೀರಿದೆ. ಅವಳು ತಿರುಗಿ ನೋಡಿದಳು. ಅಷ್ಟರಲ್ಲಿ ಟ್ರಾಮು ಹೊರಟಿತು.

"ಯಪ್ಪಾ, ಇಳಿಯೋಣು ನಡಿ."

"ಆಣಿ ಮಾಡೀನಿ."

"ಹಂಗಾರ ಇಲ್ಲೀತನಕ ಯಾಕ ಬಂದಿ?"

"ಆಕಿ ಹೆಂಗದಾಳ ನೋಡಬ್ಯಾಡೇನು?" ಎಂದವನೇ ಮುಖ ಆಚೆ ಮಾಡಿದ. ಇಷ್ಟು ದಿನ ಹಲ್ಲು ಕಚ್ಚಿ ಹಿಡಿದಿದ್ದ ನನ್ನ ಸಿಟ್ಟೆಲ್ಲ ಅಲ್ಲೇ ಇಳಿಯಿತು.

ಮರುದಿನ ಸಂಜೆಯ ರೈಲಿಗೆ ನಾವು ಊರಿಗೆ ಹೊರಡಬೇಕು. ಮಧ್ಯಾಹ್ನ ಕೊನೆಯ ಸಲ ದಾದರದ ಟ್ರಾಮು ಹತ್ತಿದೆವು. ಲಾಲಬಾಗಿನಲ್ಲಿ ಆ ಪಡಸಾಲೆ ಖಾಲಿ ಇತ್ತು. ಅಪ್ಪನ ಮುಖ ಇಷ್ಟೇ ಆಯಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬಳೆಯ ಸಪ್ಪಳ. ನೋಡಿದರೆ ಅಕ್ಕ! ಕೆಳಗೆ ನಮ್ಮ ದಾರಿ ಕಾಯುತ್ತ ನಿಂತಿದ್ದಳಂತೆ. ತಲೆಯ ಮೇಲೆ ಸೆರಗು, ಏದುಸಿರು. ಬಂದು ನನ್ನ ಮಗ್ಗುಲಿಗೆ ಕೂತು ಕೈ ಹಿಡಿದಳು. ಅಪ್ಪ ಈಗ ಎದ್ದು ಹೋಗುತ್ತಾನೋ, ಬೈದು ಇಳಿಸುತ್ತಾನೋ ಎಂದು ಅಂಜಿದೆ. ಕಂಡಕ್ಟರ್ ಬಂದು ಅವಳ ಮುಂದೆ ನಿಂತ. ಅವಳು ಸೆರಗಿನ ಗಂಟು ಬಿಚ್ಚುವುದರೊಳಗೆ ಅಪ್ಪ ರಸ್ತೆಯನ್ನೇ ನೋಡುತ್ತ ಕೈ ಚಾಚಿ, "ಏಕ್ ಔರ್ ದೇವ್," ಎಂದ.

ದಾದರ ಮುಟ್ಟುವತನಕ ಅಕ್ಕ ಪಿಸುದನಿಯಲ್ಲಿ ಕೇಳಿದ್ದೇ ಕೇಳಿದ್ದು. "ಎಮ್ಮಿ ಈದದೇನು? ಬಾವ್ಯಾಗ ನೀರು ಅದಾವೇನು? ಕೆಂಪು ಬಾಳಿ ಈ ಸಲ ಹಿಡದಾವೇನು? ಅವ್ವ ನನ್ನ ನೆನಸತಾಳೇನು?" ಊರಿನ ಗಿಡ, ಗೋಡೆ ಒಂದನ್ನೂ ಬಿಡಲಿಲ್ಲ. ಅವಳ ಸಂಸಾರದ ಸುದ್ದಿ ಕೇಳಲು ನನಗೆ ಪುರಸೊತ್ತೇ ಕೊಡಲಿಲ್ಲ. "ಅಪ್ಪ ಸೊರಗ್ಯಾನ," ಎಂದಳು, ಅವನಿಗೆ ಕೇಳುವಂತೆಯೇ. ಅಪ್ಪ ರುಮಾಲಿನ ಚುಂಗಿನಿಂದ ಮುಖ ಒರೆಸಿಕೊಂಡ. ದಾದರದಲ್ಲಿ ಯಾರೂ ಇಳಿಯಲಿಲ್ಲ. ತಿರುಗಿ ಬರುವಾಗಲೂ ಮೂವರದೂ ಟಿಕೇಟು ಅವನೇ ತೆಗೆದ.

ಮತ್ತೆ ಲಾಲಬಾಗು ಬಂತು. ಅಕ್ಕ ಏಳಲಿಲ್ಲ. ನನ್ನ ಕೈಯನ್ನು ಇನ್ನೂ ಗಟ್ಟಿ ಹಿಡಿದಳು. ನಾನೂ ಬಿಡಲಿಲ್ಲ. ಆ ಟ್ರಾಮು ಹಾಗೇ ಕಮಲಾಪುರದ ತನಕ ಹೋಗಬಾರದೇ ಎನ್ನಿಸಿತು.

"ಇಳಿಯವಾ," ಎಂದ ಅಪ್ಪ, ತಿರುಗದೆಯೇ. "ಕೂಸು ಏಳೋ ಹೊತ್ತಾತು."

ಕೂಸೇ? ನನಗೇ ಗೊತ್ತಿರಲಿಲ್ಲ. ಅವನು ಒಬ್ಬನೇ ಹಾಕಿದ ಸುತ್ತುಗಳು ಆಗ ನೆನಪಾದವು. ಅಕ್ಕ ಎದ್ದು, ಬಾಗಿ ಅವನ ಪಾದ ಮುಟ್ಟಿದಳು. ಮೆಟ್ಟಿಲ ಹತ್ತಿರ ಹೋದವಳು ನಿಂತು, "ಹೆಣ್ಣು ಅದ, ಯಪ್ಪಾ," ಎಂದಳು.

"ಗೊತ್ತದ," ಎಂದ ಅಪ್ಪ.