ಐದೂವರೆ ಸುತ್ತಿಗೆ ಒಂದು ಸುತ್ತು

ಕಳೆದ ತಿಂಗಳು ಚಿಕ್ಕಮಗಳೂರಿನ ಒಂದು ವರ್ಕ್‌ಶಾಪಿನಲ್ಲಿ ನನ್ನ ಜೀಪಿನ ಹಿಂದಿನ ಗಾಲಿಗಳ ನಡುವಿನ ಗೇರ್ ಹೌಸಿಂಗ್ ಬಿಚ್ಚಿ ಹಳೆಯ ಗೇರ್ ಎಣ್ಣೆ ಇಳಿಸುತ್ತಿದ್ದರು. ಗಂಧಕ ಸುಟ್ಟಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಣಕಲ್ಲಿನ ಗ್ಯಾರೇಜ್ ಸಾಹೇಬರು ನೆನಪಾದರು. ಅವರ ಅಂಗಿ, ಕೈ, ಕೊಡುವ ಚಿಲ್ಲರೆ ಎಲ್ಲಕ್ಕೂ ಇದೇ ವಾಸನೆ ಇರುತ್ತಿತ್ತು...

ಎಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ ಹಾಸಿಗೆ ಹಿಡಿದಿದ್ದರಿಂದ ತೋಟ ನನ್ನ ಕೈಗೆ ಬಂದಿತ್ತು. ನನಗಾಗ ಇಪ್ಪತ್ತಾರು. ಹಾಸನದ ಕಡೆಯಿಂದ ಒಂದು ಹಳೆಯ ಡೀಸೆಲ್ ಪಿಕಪ್ ತಂದಿದ್ದೆ. ಡಾಂಬರು ರಸ್ತೆಯಲ್ಲಿ ಅದು ಹಾರುತ್ತಿತ್ತು. ಮೂಡಿಗೆರೆಯ ಬಸ್ಸುಗಳನ್ನು ಹಿಂದೆ ಹಾಕುವುದೇ ನನಗೊಂದು ಖುಷಿ. ಆದರೆ ನಮ್ಮ ಕಾಫಿ ಒಣಗಿಸುವ ಕಣದಿಂದ ರಸ್ತೆಗೆ ಹತ್ತುವ ಏರು ಇತ್ತಲ್ಲ, ಪಾರ್ಚ್‌ಮೆಂಟ್ ಕಾಫಿಯ ಚೀಲ ತುಂಬಿದರೆ ಅರ್ಧ ದಾರಿಗೇ ಅದರ ಉಸಿರು ಕಟ್ಟುತ್ತಿತ್ತು. ಆಗ ಕೆಲಸದ ಹೆಂಗಸರೆಲ್ಲ ಹಿಂದೆ ನಿಂತು ತಳ್ಳಬೇಕು. ನಮ್ಮ ಮೇಸ್ತ್ರಿಯ ಹೆಂಡತಿ ಒಂದು ಕಲ್ಲು ಹಿಡಿದುಕೊಂಡು ಗಾಲಿಯ ಪಕ್ಕದಲ್ಲೇ ನಡೆದು, ನಿಂತಲ್ಲೆಲ್ಲ ಅದನ್ನು ಗಾಲಿಗೆ ಒತ್ತಾಗಿ ಇಡಬೇಕು.

ಒಂದು ದಿನ ಆಕೆ ಕಲ್ಲು ಇಡಲು ಬಗ್ಗುವ ಮೊದಲೇ ಗಾಡಿ ಹಿಂದಕ್ಕೆ ಜಾರಿತು. ತಳ್ಳುತ್ತಿದ್ದವರು ಪಕ್ಕಕ್ಕೆ ಹಾರಿದರು. ಬ್ರೇಕನ್ನು ಎಷ್ಟು ಒತ್ತಿದರೂ ಎರಡು ಮಾರು ಜಾರಿಯೇ ನಿಂತಿತು. ಹ್ಯಾಂಡ್‌ಬ್ರೇಕು ಎಳೆದು, ಇಳಿದು ಓಡಿ ನೋಡಿದರೆ ಆಕೆ ಬಿದ್ದಿದ್ದಳು, ಸೆರಗು ಗಾಲಿಯಡಿ ಸಿಕ್ಕಿತ್ತು. ಕಾಲಿಗೂ ಗಾಲಿಗೂ ನಡುವೆ ಒಂದು ಗೇಣು. ಆಕೆ ಅಳಲಿಲ್ಲ, ಬೈಯಲಿಲ್ಲ. "ಏನಾಗ್ಲಿಲ್ಲ ಸಣ್ಣಯ್ಯ" ಎಂದು ಸೆರಗು ಹರಿದುಕೊಂಡು ಎದ್ದಳು.

ಮರುದಿನವೇ ಬಣಕಲ್ಲಿಗೆ ಹೋಗಿ, ಬ್ರೇಕು ಸರಿಮಾಡಿಕೊಡಿ ಎಂದೆ. ಸಾಹೇಬರು ಬ್ರೇಕು ಸರಿಮಾಡಿದರು, ಆದರೆ ಅಷ್ಟಕ್ಕೆ ಬಿಡಲಿಲ್ಲ. ಹಿಂದಿನ ಎರಡೂ ಗಾಲಿಗಳನ್ನು ನೆಲದಿಂದ ಎತ್ತಿಸಿ, ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಕೆಳಗೆ ಮಲಗಿ ಎಂಜಿನ್ನಿನಿಂದ ಬರುವ ಶಾಫ್ಟನ್ನು ಕೈಯಲ್ಲೇ ತಿರುಗಿಸುತ್ತ ಎಣಿಸಿದರು.

"ಶಾಫ್ಟಿನ ನಾಲ್ಕು ಸುತ್ತಿಗೆ ಗಾಲಿ ಒಂದು ಸುತ್ತು. ಇದು ಬಯಲುಸೀಮೆ ಗೇರು ಮಾರಾಯ್ರೆ. ಇದಕ್ಕೆ ಓಡ್ಲಿಕ್ಕೆ ಮಾತ್ರ ಗೊತ್ತು, ಹೊರ್ಲಿಕ್ಕೆ ಗೊತ್ತಿಲ್ಲ."

ಒಳಗಿನ ಹಲ್ಲುಚಕ್ರಗಳ ಜೋಡಿಯನ್ನೇ ಬದಲಾಯಿಸಬೇಕಂತೆ. ಐದೂವರೆ ಸುತ್ತಿನ ಜೋಡಿ ಹಾಕಿದರೆ ಏರು ಹತ್ತುತ್ತದೆ, ಆದರೆ ರಸ್ತೆಯ ಓಟ ಹೋಗುತ್ತದೆ. ನಡುವಿನದು ಯಾವುದಾದರೂ ಇದೆಯೇ ಎಂದು ನಾನು ರಾಗ ಎಳೆದೆ. ಅವರು ದಾರಿ ನೋಡಬೇಕು ಎಂದು ನನ್ನ ಜೊತೆಗೇ ತೋಟಕ್ಕೆ ಬಂದರು. ಏರನ್ನು ಮೇಲಿನಿಂದ ಕೆಳಗಿನವರೆಗೆ ನಡೆದೇ ನೋಡಿದರು, ಗಾಡಿ ಜಾರಿದ್ದ ಜಾಗ ಯಾವುದೆಂದು ಕೇಳಿ ತಿಳಿದುಕೊಂಡರು. ಕಣದಲ್ಲಿ ಕಾಫಿ ಹರವುತ್ತಿದ್ದ ಹೆಂಗಸರನ್ನೂ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಮೂಡಿಗೆರೆಗೆ ಹತ್ತು ನಿಮಿಷ ಮೊದ್ಲು ಮುಟ್ಟಿ ನೀವು ಏನ್ ಮಾಡ್ತೀರಿ?"

ಐದೂವರೆಯದನ್ನೇ ಹಾಕಿ ಎಂದೆ.

ಅವರು ಮಂಗಳೂರಿನಿಂದ ಆ ಜೋಡಿ ತರಿಸಿ ಕೂರಿಸುವುದಕ್ಕೆ ಒಂದು ವಾರ ಹಿಡಿಯಿತು. ಮೊದಲ ಲೋಡಿನ ದಿನ ತಾವೇ ಬಂದು ಪಕ್ಕದ ಸೀಟಿನಲ್ಲಿ ಕುಳಿತರು. ಹಿಂದೆ ಯಾರೂ ನಿಲ್ಲಬಾರದೆಂದು ಹೆಂಗಸರನ್ನೆಲ್ಲ ದೂರ ಕಳಿಸಿದರು. ಮೇಸ್ತ್ರಿಯ ಹೆಂಡತಿ ಮಾತ್ರ ನಂಬಿಕೆ ಇಲ್ಲದವಳಂತೆ ಕಲ್ಲು ಹಿಡಿದು ದಾರಿ ಪಕ್ಕದ ದರೆಯ ಮೇಲೆ ನಿಂತಿದ್ದಳು. ಗಾಡಿ ಏರತೊಡಗಿತು. ನಿಧಾನ, ಆದರೆ ಎಲ್ಲೂ ಎಳೆದಾಡಲಿಲ್ಲ. ಅಂದು ಜಾರಿದ್ದ ಜಾಗಕ್ಕೇ ಬಂದಾಗ ಸಾಹೇಬರು, "ನಿಲ್ಸಿ" ಎಂದರು.

"ಇಲ್ಲೇನಾ?"

"ಇಲ್ಲೇ. ಇಲ್ಲಿಂದ ಎದ್ರೆ ಮಾತ್ರ ಗೇರು ಸರಿ ಅಂತ ಲೆಕ್ಕ."

ನಿಲ್ಲಿಸಿದೆ. ಒಂದನೇ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟೆ... ಗಾಡಿ ಒಂದು ಅಂಗುಲವೂ ಹಿಂದೆ ಸರಿಯದೆ, ಎಮ್ಮೆ ಎದ್ದು ಹೊರಟ ಹಾಗೆ ಮೇಲಕ್ಕೆ ಹೊರಟಿತು. ಕನ್ನಡಿಯಲ್ಲಿ ನೋಡಿದೆ. ಮೇಸ್ತ್ರಿಯ ಹೆಂಡತಿ ಕಲ್ಲನ್ನು ಗಿಡಗಳ ನಡುವೆ ಎಸೆದು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ರಸ್ತೆಗೆ ಮುಟ್ಟಿ ಎಂಜಿನ್ ಆರಿಸಿದವನಿಗೆ ಸುಮ್ಮಸುಮ್ಮನೆ ನಗು ಬಂತು. ಸಾಹೇಬರೂ ನಕ್ಕರು. ಬಸ್ಸುಗಳು ಆಮೇಲೆ ನನ್ನನ್ನು ಹಿಂದೆ ಹಾಕಿಕೊಂಡೇ ಹೋದವು; ಹೋಗಲಿ ಅನ್ನಿಸುತ್ತಿತ್ತು. ಆ ಪಿಕಪ್ ಇದ್ದಷ್ಟು ವರ್ಷ ಯಾರೂ ಅದರ ಹಿಂದೆ ನಿಂತು ತಳ್ಳಲಿಲ್ಲ.

ಪಿಕಪ್ ಮಾರಿದ ಮೇಲೆ ಸಾಹೇಬರ ಹತ್ತಿರ ಹೋಗುವ ಕೆಲಸ ಬೀಳಲಿಲ್ಲ. ಕಳೆದ ತಿಂಗಳು ಆ ವರ್ಕ್‌ಶಾಪಿನಿಂದ ಹೊರಟವನು ಮನೆಯ ದಾರಿಯಲ್ಲಿ ಬಣಕಲ್ಲಿನಲ್ಲಿ ನಿಲ್ಲಿಸಿ ವಿಚಾರಿಸಿದೆ. ಗ್ಯಾರೇಜಿದ್ದಲ್ಲಿ ಈಗ ಬೇಕರಿ. ಒಳಗಿದ್ದ ಹಿರಿಯರು, "ಅವ್ರು ತೀರಿಹೋಗಿ ಏಳೆಂಟು ವರ್ಷ ಆಯ್ತಲ್ಲ. ಮೂರು ತಿಂಗ್ಳು ಮಲಗಿದ್ರು, ಬಂದವ್ರ ಹತ್ರ ಎಲ್ಲಾ ಗಾಡಿ ಮಾತೇ" ಎಂದರು.

ಆ ಮೂರು ತಿಂಗಳಲ್ಲಿ ನಾನು ಈ ರಸ್ತೆಯಲ್ಲಿ ಎಷ್ಟು ಸಲ ಹಾದುಹೋಗಿದ್ದೆನೋ... ಒಂದು ಸಲವೂ ನಿಲ್ಲಿಸಿರಲಿಲ್ಲ.